1954: ಕಿವಿಗೆ ಬಿದ್ದ ಸಿನಿಮಾಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದೇ ವರ್ಷದಲ್ಲಿ ಬಂದ ನಿಮ್ಮ ಮೆಚ್ಚಿನ ಸಿನಿಮಾಗಳ ಬಗ್ಗೆ ಮಾತಾಡಿ ಎಂದು ಕೇಳಿದಾಗ ನಾನು ಜಾಸ್ತಿ ಯೋಚಿಸಲಿಲ್ಲ. 1954 ಎಂದುಬಿಟ್ಟೆ. ಆ ವರ್ಷದ ಸಿನಿಮಾಗಳಲ್ಲಿ ನನಗೆ ಇಷ್ಟವಾದದ್ದು ಕಥೆ ಮಾತ್ರ ಅಲ್ಲ, ಕ್ಯಾಮೆರಾ ಮಾತ್ರ ಅಲ್ಲ. ಅವುಗಳ ಶಬ್ದ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ: ಒಳ್ಳೆಯ ಸಿನಿಮಾದ ಅರ್ಧ ಜೀವ ಅದರ ಶಬ್ದದಲ್ಲಿದೆ. ಅದಕ್ಕೆ ಕಿವಿ ಕೊಡಿ.

ಆಗಿನ ಪರಿಸ್ಥಿತಿ ಹೀಗಿತ್ತು. ಅಮೆರಿಕದಲ್ಲಿ ಮನೆಮನೆಗೂ ಟಿವಿ ಬಂದು ಜನ ಥಿಯೇಟರಿಗೆ ಹೋಗುವುದು ಕಡಿಮೆಯಾಗಿತ್ತು. ಅವರನ್ನು ಮತ್ತೆ ಕರೆತರಲು ಸ್ಟುಡಿಯೋಗಳು ಪರದೆಯನ್ನು ಅಗಲ ಮಾಡಲು ಹೊರಟವು. 1953ರಲ್ಲಿ ಸಿನಿಮಾಸ್ಕೋಪ್ ಬಂತು. ಮಾತೆಲ್ಲ ಪರದೆಯ ಅಳತೆಯದ್ದೇ. ಆದರೆ ನಾನು ಪ್ರೀತಿಸುವ 1954ರ ಸಿನಿಮಾಗಳಲ್ಲಿ ಒಂದಕ್ಕೂ ಆ ಅಗಲದ ಪರದೆ ಬೇಕಾಗಲಿಲ್ಲ. ಹೆಚ್ಚಿನವು ಕಪ್ಪು ಬಿಳುಪು. ಅವು ದೊಡ್ಡದಾಗಿದ್ದು ಕಿವಿಯ ಮೂಲಕ.

ಮೊದಲು ಹಿಚ್‌ಕಾಕ್ ಅವರ ‘ರಿಯರ್ ವಿಂಡೋ’. ಕಾಲು ಮುರಿದುಕೊಂಡ ಒಬ್ಬ ಫೋಟೋಗ್ರಾಫರ್ ಗಾಲಿಕುರ್ಚಿಯಲ್ಲಿ ಕೂತು ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತಾನೆ. ಒಂದು ಮನೆಯಲ್ಲಿ ಕೊಲೆಯಾಗಿದೆ ಎಂದು ಅವನಿಗೆ ಅನುಮಾನ. ಸ್ಟುಡಿಯೋದ ಒಳಗೇ 31 ಮನೆಗಳ ಸೆಟ್ ಹಾಕಿದ್ದರು. ಎಲ್ಲರೂ ಆ ಸೆಟ್ ಬಗ್ಗೆ ಮಾತಾಡುತ್ತಾರೆ. ನಾನು ಹೇಳುವುದು ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿ ಅಂತ. ಶೀರ್ಷಿಕೆ ಮುಗಿದ ಮೇಲೆ ಸಂಗೀತವೆಲ್ಲ ಆ ಮನೆಗಳಿಂದಲೇ ಬರುತ್ತದೆ. ಯಾರದೋ ರೇಡಿಯೋ, ಯಾರದೋ ಪಾರ್ಟಿ, ಎದುರು ಮನೆಯ ಸಂಗೀತಗಾರನ ಪಿಯಾನೋ. ಅವನು ಒಂದು ಹಾಡು ಕಟ್ಟುತ್ತಾ ಇರುತ್ತಾನೆ. ಮೊದಲು ಬರೀ ತುಣುಕು, ಸಿನಿಮಾ ಮುಗಿಯುವ ಹೊತ್ತಿಗೆ ಪೂರ್ತಿ ಹಾಡು. ಕೆಳಗಿನ ಮನೆಯಲ್ಲಿ ಒಂಟಿ ಹೆಂಗಸೊಬ್ಬಳು ಸಾಯಲು ಹೊರಟಿದ್ದಾಳೆ. ಆ ಸಂಗೀತ ಕಿವಿಗೆ ಬಿದ್ದು ನಿಂತುಬಿಡುತ್ತಾಳೆ. ಯಾರೂ ಓಡಿ ಬಂದು ಕಾಪಾಡಲಿಲ್ಲ, ಶಬ್ದ ಕಾಪಾಡಿತು. ಕೊನೆಗೆ ಕೊಲೆಗಾರ ನಾಯಕನ ಮನೆಗೇ ಬರುವಾಗ ನಮಗೆ ಅವನು ಕಾಣುವುದಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಕೇಳುತ್ತದೆ, ಅಷ್ಟೇ. ಅದಕ್ಕಿಂತ ಭಯ ಇನ್ನೇನು ಬೇಕು?

ಈಗ ನನಗೆ ತುಂಬಾ ಪ್ರೀತಿಯ ಕಥೆಗೆ ಬರುತ್ತೇನೆ. ಇದು ಸಿನಿಮಾಗಳಿಗೆ ಸಂಗೀತ ಬರೆಯುತ್ತಿದ್ದ ಜಪಾನಿನ ಇಬ್ಬರು ಗೆಳೆಯರದ್ದು. ಒಬ್ಬರು ಅಕಿರ ಇಫುಕುಬೆ, ಇನ್ನೊಬ್ಬರು ಫುಮಿಯೊ ಹಯಸಾಕ. ಇಬ್ಬರೂ ಹುಟ್ಟಿದ್ದು 1914ರಲ್ಲಿ. ಇಬ್ಬರೂ ಉತ್ತರದ ಸಪ್ಪೊರೊ ಊರಿನಲ್ಲಿ ಹುಡುಗರಾಗಿದ್ದಾಗಲೇ ಜೊತೆಯಾದವರು. ಸಂಗೀತ ಶಾಲೆಗೆ ಹೋಗಿ ಕಲಿತವರಲ್ಲ, ತಾವೇ ಕಲಿತವರು. ಇಫುಕುಬೆ ಕಾಲೇಜಿನಲ್ಲಿ ಓದಿದ್ದು ಅರಣ್ಯಶಾಸ್ತ್ರ. ಯುದ್ಧದ ಕಾಲದಲ್ಲಿ ಮರದ ಮೇಲೆ ಎಕ್ಸ್‌ರೇ ಪ್ರಯೋಗ ಮಾಡುತ್ತಿದ್ದರು, ಆ ವಿಕಿರಣದಿಂದಲೇ ಕಾಯಿಲೆ ಬಿದ್ದರು. ಈ ಮಾತು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಆ ಕಡೆ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಮೇಲೆ ವಿಕಿರಣ ತುಂಬಿದ ವಿಷದ ಬೂದಿ ಬಿತ್ತು. ದೋಣಿಯಲ್ಲಿ 23 ಜನ ಇದ್ದರು. ಎಲ್ಲರೂ ಕಾಯಿಲೆ ಬಿದ್ದರು, ಸೆಪ್ಟೆಂಬರಿನಲ್ಲಿ ಒಬ್ಬರು ತೀರಿಕೊಂಡರು. ಅದೇ ನವೆಂಬರ್ 3ರಂದು ತೆರೆಗೆ ಬಂದ ಸಿನಿಮಾ ‘ಗೊಡ್ಜಿಲ್ಲಾ’. ಬಾಂಬ್ ಪರೀಕ್ಷೆಯಿಂದ ಎಚ್ಚೆತ್ತ ಪ್ರಾಣಿಯೊಂದು ಸಮುದ್ರದಿಂದ ಎದ್ದು ಬರುತ್ತದೆ. ನಿರ್ದೇಶಕ ಇಶಿರೋ ಹೋಂಡಾ. ಸಂಗೀತ ಇಫುಕುಬೆ. ವಿಕಿರಣ ಏನು ಮಾಡುತ್ತದೆ ಎಂದು ಮೈಯಲ್ಲೇ ಅನುಭವಿಸಿದ್ದ ಮನುಷ್ಯ!

ಪ್ರಾಣಿ ರಬ್ಬರ್ ವೇಷ. ಒಳಗೆ ಒಬ್ಬ ನಟ, ಕಾಲ ಕೆಳಗೆ ಆಟಿಕೆಯಂಥ ಊರು. ಅದಕ್ಕೆ ಕೂಗು ಯಾವುದು? ಮೃಗಾಲಯದ ಪ್ರಾಣಿಗಳ ಕೂಗು ಹಾಕಿ ನೋಡಿದರು. ಸಿಂಹ ಸಿಂಹದಂತೆಯೇ ಕೇಳಿಸಿತು, ಯಾವುದೂ ಹೊಂದಲಿಲ್ಲ. ಆಗ ಇಫುಕುಬೆ ಒಂದು ಉಪಾಯ ಹೂಡಿದರು. ಡಬಲ್ ಬಾಸ್ ಎಂಬ ವಾದ್ಯ ಗೊತ್ತಲ್ಲ, ಪಿಟೀಲಿನ ಕುಲದ್ದೇ, ಆದರೆ ಆಳೆತ್ತರ. ಅದರ ತಂತಿಯನ್ನು ಸಡಿಲ ಮಾಡಿಸಿದರು. ಚರ್ಮದ ಕೈಗವಸಿಗೆ ರಾಳ ಬಳಿದು ಆ ತಂತಿಯ ಮೇಲೆ ಉದ್ದಕ್ಕೂ ಉಜ್ಜಿಸಿದರು. ಹಾಗೆ ಬಂದ ಶಬ್ದವನ್ನು ನಿಧಾನವಾಗಿ ಓಡಿಸಿದರು. ಅದೇ ಗೊಡ್ಜಿಲ್ಲಾದ ಕೂಗು. ಅದರಲ್ಲಿ ಸಿಟ್ಟೂ ಇದೆ, ನೋವೂ ಇದೆ. ಇಷ್ಟು ವರ್ಷಗಳಲ್ಲಿ ಆ ಪ್ರಾಣಿಯ ಆಕಾರ ಎಷ್ಟೋ ಸಲ ಬದಲಾಯಿತು. ಕೂಗು ಮಾತ್ರ ಹುಟ್ಟಿದ್ದು ಆ ಕೈಗವಸಿನಿಂದ, ಇವತ್ತಿಗೂ ಅದೇ ಬುನಾದಿ.

ಇನ್ನೊಂದು ವಿಷಯ. ಸಿನಿಮಾ ಶುರುವಾಗುವಾಗ ಪರದೆಯ ಮೇಲೆ ಪ್ರಾಣಿ ಇಲ್ಲ, ಊರು ಇಲ್ಲ, ಬರೀ ಅಕ್ಷರಗಳು. ಕೇಳುವುದು ಮಾತ್ರ ಭಾರವಾದ ಹೆಜ್ಜೆ, ಆಮೇಲೆ ಆ ಕೂಗು. ಪ್ರಾಣಿ ಮೊದಲು ಬಂದದ್ದು ಕಿವಿಗೆ. ಮಕ್ಕಳ ಸಿನಿಮಾ ಎಂದು ಮೂಗು ಮುರಿಯುವವರು ದಯವಿಟ್ಟು ಅದನ್ನು ಒಂದು ಸಲ ಸರಿಯಾಗಿ ಕೇಳಬೇಕು. ಯುದ್ಧದ ಬಾಂಬುಗಳಲ್ಲಿ ತಮ್ಮವರನ್ನು ಕಳೆದುಕೊಂಡ ಜನ ಥಿಯೇಟರಿನಲ್ಲಿ ಕೂತು ಆ ಹೆಜ್ಜೆ ಕೇಳಿದರಲ್ಲ, ಅವರಿಗೆ ಅದು ಆಟವಾಗಿರಲಿಲ್ಲ.

ಗೆಳೆಯ ಹಯಸಾಕ ಆ ವರ್ಷ ಏನು ಮಾಡುತ್ತಿದ್ದರು? ‘ಗೊಡ್ಜಿಲ್ಲಾ’ ತೆಗೆದ ಅದೇ ತೊಹೊ ಸ್ಟುಡಿಯೋಗೆ, ಕುರೊಸಾವಾ ನಿರ್ದೇಶನದ ‘ಸೆವೆನ್ ಸಮುರಾಯ್’ಗೆ ಸಂಗೀತ ಮಾಡುತ್ತಿದ್ದರು. ಕ್ಷಯದಿಂದ ನರಳುತ್ತಿದ್ದ ಮನುಷ್ಯ. ಬಡ ಹಳ್ಳಿಯೊಂದು ಡಕಾಯಿತರಿಂದ ಉಳಿಯಲು ಏಳು ಮಂದಿ ಯೋಧರನ್ನು ಕರೆತರುವ ಕಥೆ, 207 ನಿಮಿಷ. ಕೊನೆಯ ಕಾಳಗ ಎಲ್ಲರಿಗೂ ಗೊತ್ತು: ಸುರಿಯುವ ಮಳೆ, ಕೆಸರು, ಕುದುರೆಗಳು. ಅಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ! ಮಳೆ, ಗೊರಸು, ಕೂಗಾಟ, ಅಷ್ಟೇ. ಅಂಥ ಜಾಗದಲ್ಲಿ ಸುಮ್ಮನಿರುವುದಕ್ಕೆ ಸಂಗೀತಗಾರನಿಗೆ ಎಂಥ ಧೈರ್ಯ ಬೇಕು, ಅಲ್ವಾ? ಆ ಮಳೆಯ ನಡುವೆ ಕೋವಿಯ ಶಬ್ದ ಕೇಳುತ್ತದೆ. ಏಳು ಜನರಲ್ಲಿ ಸಾಯುವವರು ನಾಲ್ವರು. ನಾಲ್ವರೂ ಸಾಯುವುದು ಗುಂಡೇಟಿನಿಂದ, ಒಬ್ಬರೂ ಕತ್ತಿಯಿಂದ ಅಲ್ಲ. ಕತ್ತಿಯ ಕಾಲ ಮುಗಿಯಿತು ಎಂದು ಯಾವ ಪಾತ್ರವೂ ಭಾಷಣ ಮಾಡಬೇಕಾಗಿಲ್ಲ. ಆ ಶಬ್ದ ಹೇಳಿಬಿಡುತ್ತದೆ.

ಅದೇ ಹಯಸಾಕ ಅದೇ ವರ್ಷ ಮಿಝೊಗುಚಿ ಅವರ ‘ಸಾನ್ಶೋ ದ ಬೇಲಿಫ್’ ಸಿನಿಮಾಕ್ಕೂ ಸಂಗೀತ ಕೊಟ್ಟರು. ತಾಯಿಯನ್ನು, ಮಗ ಮಗಳನ್ನು ಮೋಸದಿಂದ ಬೇರೆ ಮಾಡಿ ಮಾರಿಬಿಡುತ್ತಾರೆ. ತಾಯಿ ದೂರದ ದ್ವೀಪದಲ್ಲಿ, ಮಕ್ಕಳು ಒಬ್ಬ ಕ್ರೂರ ಧಣಿಯ ಬಳಿ ಗುಲಾಮರು. ವರ್ಷಗಳು ಹೋಗುತ್ತವೆ. ಒಂದು ದಿನ ಆ ದ್ವೀಪದಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೆಲಸ ಮಾಡುತ್ತಾ ಸುಮ್ನೆ ಒಂದು ಹಾಡು ಗುನುಗುತ್ತಾಳೆ. ಆ ಹಾಡಿನಲ್ಲಿ ಇಬ್ಬರು ಮಕ್ಕಳ ಹೆಸರಿದೆ. ಪಕ್ಕದಲ್ಲಿ ಕೂತಿದ್ದ ಮಗಳಿಗೆ ಅದು ತನ್ನದೂ ತನ್ನ ಅಣ್ಣನದೂ ಹೆಸರು ಎಂದು ತಿಳಿಯುತ್ತದೆ. ಅಮ್ಮ ಬದುಕಿದ್ದಾಳೆ! ಪತ್ರ ಬರಲಿಲ್ಲ, ಆಳು ಬರಲಿಲ್ಲ, ಹಾಡು ಕಡಲು ದಾಟಿ ಬಂತು. ಇದನ್ನು ನೋಡಿ ಕಣ್ಣು ತುಂಬದವರನ್ನು ನಾನು ಕಂಡಿಲ್ಲ. ಹಯಸಾಕ ಮುಂದಿನ ವರ್ಷವೇ, 41ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂದರೆ ಒಂದೇ ವರ್ಷ, ಇಬ್ಬರು ಗೆಳೆಯರು, ಮೂರು ಸಿನಿಮಾ. ಸಂಗೀತ ಬರೆದವರ ಹೆಸರು ಬರುವಾಗ ಎದ್ದು ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ನನಗೆ ಅದು ಸಹಿಸುವುದಿಲ್ಲ, ನೇರವಾಗಿಯೇ ಹೇಳುತ್ತೇನೆ.

ಈ ಇಬ್ಬರ ಮಾತಿನಲ್ಲೇ ಸಮಯ ಬಹಳ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಇಟಲಿಯಿಂದ ಫೆಲಿನಿ ಅವರ ‘ಲಾ ಸ್ತ್ರಾದಾ’. ಬೀದಿಯಲ್ಲಿ ಸರಪಳಿ ಹರಿದು ಹೊಟ್ಟೆ ಹೊರೆಯುವ ಒರಟ, ಅವನ ಜೊತೆ ಜೆಲ್ಸೊಮಿನಾ ಎಂಬ ಮುಗ್ಧ ಹುಡುಗಿ. ಅವಳು ತುತ್ತೂರಿಯಲ್ಲಿ ಒಂದು ರಾಗ ಕಲಿಯುತ್ತಾಳೆ. ನೀನೊ ರೋಟಾ ಕಟ್ಟಿದ ರಾಗ. ಒರಟ ಅವಳನ್ನು ಬಿಟ್ಟು ಹೋಗುತ್ತಾನೆ. ವರ್ಷಗಳ ಮೇಲೆ ಬೇರೊಂದು ಊರಿನಲ್ಲಿ, ಬಟ್ಟೆ ಒಣಗಿಸುತ್ತಿದ್ದ ಹೆಂಗಸಿನ ಬಾಯಲ್ಲಿ ಅದೇ ರಾಗ ಕೇಳಿಸುತ್ತದೆ. ಎಲ್ಲಿ ಕಲಿತೆ ಎಂದು ಕೇಳುತ್ತಾನೆ. ಜೆಲ್ಸೊಮಿನಾ ಸತ್ತದ್ದು ಅವನಿಗೆ ತಿಳಿಯುವುದು ಹಾಗೆ. ಮತ್ತೆ ನೋಡಿ, ಸುದ್ದಿ ತಂದದ್ದು ಕಿವಿ.

ಅಮೆರಿಕದ ‘ಆನ್ ದ ವಾಟರ್‌ಫ್ರಂಟ್’. ಎಲಿಯಾ ಕಜಾನ್ ನಿರ್ದೇಶನ, ಮಾರ್ಲನ್ ಬ್ರಾಂಡೊ ನಟನೆ, 8 ಆಸ್ಕರ್. ಬಂದರಿನ ಕೂಲಿಯಾಗಿರುವ ನಾಯಕ ತಾನು ಪ್ರೀತಿಸುವ ಹುಡುಗಿಗೆ, ನಿನ್ನ ಅಣ್ಣನ ಸಾವಿನಲ್ಲಿ ನನ್ನ ಪಾಲೂ ಇದೆ ಎಂದು ಹೇಳಬೇಕು. ಹೇಳುತ್ತಾನೆ. ಆದರೆ ಆಗಲೇ ಹಡಗಿನ ಸಿಳ್ಳೆ ಕೂಗಿ ಮಾತೆಲ್ಲ ಮುಚ್ಚಿಹೋಗುತ್ತದೆ. ನಮಗೆ ಕಾಣುವುದು ಎರಡು ಮುಖ, ಕೇಳುವುದು ಸಿಳ್ಳೆ. ಆ ಮಾತುಗಳು ಕೇಳಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ‘ಸೆವೆನ್ ಸಮುರಾಯ್’, ‘ಸಾನ್ಶೋ’, ‘ಲಾ ಸ್ತ್ರಾದಾ’, ‘ವಾಟರ್‌ಫ್ರಂಟ್’ ನಾಲ್ಕಕ್ಕೂ ಬೆಳ್ಳಿ ಸಿಂಹ ಸಿಕ್ಕಿತು. ಮೊದಲ ಬಹುಮಾನವಾದ ಚಿನ್ನದ ಸಿಂಹ ಹೋದದ್ದು ಒಂದು ‘ರೋಮಿಯೋ ಜೂಲಿಯೆಟ್’ಗೆ. ಆ ತೀರ್ಪನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ನಮ್ಮ ಕಡೆಯ ಎರಡು ಸಿನಿಮಾಗಳನ್ನು ಬಿಟ್ಟು ಮುಗಿಸಲಾರೆ. ಮಲಯಾಳದ ‘ನೀಲಕುಯಿಲ್’. ಸಂಗೀತ ನಿರ್ದೇಶಕ ಕೆ. ರಾಘವನ್ ಅದಕ್ಕೆ ಬೇರೆ ಸಿನಿಮಾಗಳ ಮಟ್ಟು ತರಲಿಲ್ಲ, ಕೇರಳದ ಜನಪದ ಮಟ್ಟುಗಳನ್ನೇ ತಂದರು, ಒಂದು ಹಾಡನ್ನು ತಾವೇ ಹಾಡಿದರು. ಇನ್ನೊಂದು ನಮ್ಮ ‘ಬೇಡರ ಕಣ್ಣಪ್ಪ’. ಎಚ್.ಎಲ್.ಎನ್. ಸಿಂಹ ಅವರ ಈ ಸಿನಿಮಾದಲ್ಲೇ ಮುತ್ತುರಾಜ್ ಎಂಬ ನಾಟಕದ ಹುಡುಗ ರಾಜ್‌ಕುಮಾರ್ ಆದದ್ದು. ಆ ಕಂಠ ರಂಗದ ಮೇಲೆ ಪಳಗಿದ್ದು, ಕೊನೆಯ ಸಾಲಿನವರಿಗೂ ಪ್ರತಿ ಅಕ್ಷರ ಮುಟ್ಟಬೇಕಿತ್ತು. ಸಿನಿಮಾದಲ್ಲಿ ಅವರ ಮಾತು ಕೇಳಿ. ಒಂದು ಒತ್ತಕ್ಷರವೂ ನುಂಗಿಹೋಗುವುದಿಲ್ಲ.

ಇವುಗಳಲ್ಲಿ ಯಾವುದನ್ನಾದರೂ ನೋಡುವಾಗ ಫೋನಿನ ಪುಟ್ಟ ಸ್ಪೀಕರಿನಲ್ಲಿ ನೋಡಬೇಡಿ. ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಟಿವಿಯ ದನಿ ಏರಿಸಿ ಫ್ಯಾನ್ ಆರಿಸಿ. ಶುರು ಮಾಡುವವರು ‘ರಿಯರ್ ವಿಂಡೋ’ದಿಂದ ಶುರು ಮಾಡಿ, ಅದು ಸುಲಭ. ‘ಸಾನ್ಶೋ’ವನ್ನು ಮನೆಯವರ ಜೊತೆ ಕೂತು ನೋಡಿ. ನಮಸ್ಕಾರ.