ಮೂರು ಪಾಳಿಯ ಮನಸ್ಸು

ಕೇಳುಗರಿಗೆ ನಮಸ್ಕಾರ.

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಗೆ ಹಗಲು ರಾತ್ರಿ ಇಲ್ಲ. ಕಡಿದ ಕಬ್ಬು ತಡವಾದಷ್ಟೂ ಒಣಗುತ್ತದೆ, ಇಳುವರಿ ಬೀಳುತ್ತದೆ. ಹಾಗಾಗಿ ಮೂರು ಪಾಳಿ. ಯಂತ್ರ ಒಂದು ತಾಸು ನಿಂತರೆ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ. ಮೇಲಿನವರ ಫೋನ್ ಬರುತ್ತದೆ. ಬೈಗುಳ ಒಬ್ಬರಿಂದ ಒಬ್ಬರಿಗೆ ಇಳಿಯುತ್ತಾ ಕೊನೆಗೆ ಫಿಟ್ಟರ್ ತಲೆ ಮೇಲೆ ಬೀಳುತ್ತದೆ.

ನೌಕರರ ಮನಸ್ಸಿನ ಆರೋಗ್ಯ ಅಂದ ಕೂಡಲೇ ನಮ್ಮಲ್ಲಿ ವರ್ಷಕ್ಕೊಂದು ಉಪನ್ಯಾಸ, ಹಾರ ತುರಾಯಿ, ಚಹಾ ಬಿಸ್ಕತ್ತು. ಇರಲಿ ಬಿಡಿ. ಆದರೆ ಮನಸ್ಸು ಕೆಡುವುದು ರಜೆ ಕೇಳುವ ಹೊತ್ತಿನಲ್ಲಿ, ನಾಲ್ಕು ಜನರೆದುರು ಬೈಸಿಕೊಳ್ಳುವ ಹೊತ್ತಿನಲ್ಲಿ. ಅಲ್ಲಿ ಇರುವವನು ಸುಪರ್‌ವೈಸರ್. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿಯೂ ಕೆಲಸ ಮಾಡಿಸುವವರಿಗೆ ಈ ಬಗ್ಗೆ ತರಬೇತಿ ಕೊಡಿ ಎನ್ನುತ್ತದೆ.

ಪಾಳಿ ಹಾಕುವುದನ್ನೇ ನೋಡಿ. ರಾತ್ರಿ ದುಡಿದವನಿಗೆ ಹಗಲಿನ ನಿದ್ದೆ ಕಡಿಮೆ, ಅದೂ ಅರೆಬರೆ. ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಹೀಗೆ ಮುಂದಕ್ಕೆ ಸರಿಸಿದರೆ ದೇಹ ಹೊಂದಿಕೊಳ್ಳುವುದು ಸುಲಭ. ಹಿಂದಕ್ಕೆ ಎಳೆದರೆ ಕಷ್ಟ. ಪಾಳಿ ಪಟ್ಟಿ ಬದಲಿಸಲು ಒಂದು ರೂಪಾಯಿಯೂ ಖರ್ಚಿಲ್ಲ, ಅಲ್ವಾ? ನಿದ್ದೆಗೆಟ್ಟವನಿಗೆ ಸಿಟ್ಟು ಬೇಗ ಬರುತ್ತದೆ, ಗಮನ ತಪ್ಪುತ್ತದೆ. ತಿರುಗುವ ಯಂತ್ರದ ಪಕ್ಕ ಗಮನ ತಪ್ಪಿದರೆ ಬೆರಳೇ ಹೋಗುತ್ತದೆ.

ಇನ್ನು, ದಿನಾ ಹರಟುತ್ತಿದ್ದವನು ಬುತ್ತಿ ಬಿಚ್ಚುವಾಗ ದೂರ ಹೋಗಿ ಕೂರುತ್ತಾನೆ. ಹೇಳದೆ ಕೇಳದೆ ತಪ್ಪಿಸುತ್ತಾನೆ. ಕುಡಿತ ಜಾಸ್ತಿಯಾಗಿದೆ. ನೋಟಿಸ್ ಕೊಡುವ ಮೊದಲು ಒಂದು ಬದಿಗೆ ಕರೆದು ಕೇಳಿ: ‘ಯಾಕೋ ತಮ್ಮಾ, ಮನ್ಯಾಗ ಎಲ್ಲಾ ಆರಾಮ ಐತೇನು?’ ಕೇಳಿದ ಮೇಲೆ ಸುಮ್ನಿರಿ. ನಮಗೆ ಬುದ್ಧಿ ಹೇಳುವ ಚಟ ಇದೆ, ಅದನ್ನು ಹತ್ತು ನಿಮಿಷ ತಡೆದುಕೊಳ್ಳಿ. ಸಾಲವಿರಬಹುದು, ಮಗಳ ಮದುವೆ ಇರಬಹುದು, ಕಾರಣವೇ ತಿಳಿಯದ ಬೇಸರವಿರಬಹುದು. ಅವನು ಹೇಳಿದ್ದನ್ನು ಚಹಾದಂಗಡಿಗೆ ಒಯ್ಯಬೇಡಿ. ಒಮ್ಮೆ ಒಯ್ದರೆ ಆ ಪಾಳಿಯಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಮಾತಿಗೆ ಬಗ್ಗದ ಸಂಕಟವೂ ಇರುತ್ತದೆ. ಅದಕ್ಕೆ ಟೆಲಿ ಮಾನಸ್ ಇದೆ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಬರೆದುಕೊಳ್ಳಿ: 14416. ಹಗಲು ರಾತ್ರಿ ಯಾವಾಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಚಿಕಿತ್ಸೆ ಬೇಕೆಂದರೆ ಜಿಲ್ಲಾಸ್ಪತ್ರೆಯಿದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಯಾರಾದರೂ ಸಾಯುವ ಮಾತಾಡಿದರೆ ತಮಾಷೆ ಅಂತ ಬಿಡಬೇಡಿ. ಒಬ್ಬನೇ ಇರಲು ಬಿಡದೆ, ಮನೆಯವರಿಗೆ ತಿಳಿಸಿ ಅವತ್ತೇ ವೈದ್ಯರ ಹತ್ತಿರ ಕರೆದೊಯ್ಯಿರಿ.

ಇನ್ನೊಂದು ಮಾತು ಆಡಳಿತ ಮಂಡಳಿಯವರಿಗೆ. ಹಂಗಾಮು ಮುಗಿಯುವ ವಾರ ಹಂಗಾಮಿ ಕಾರ್ಮಿಕರಿಗೆ ನಿದ್ದೆ ಬರುವುದಿಲ್ಲ. ಮುಂದಿನ ವರ್ಷ ಯಾರನ್ನು ಕರೆಯುತ್ತೀರಿ, ಬಾಕಿ ಯಾವಾಗ ಕೊಡುತ್ತೀರಿ, ಬೋರ್ಡಿಗೆ ಹಚ್ಚಿ. ಸುದ್ದಿ ಕೆಟ್ಟದಿದ್ದರೂ ಹಚ್ಚಿ.

ನಮಸ್ಕಾರ.