ಮೊದಲು ಎರಡು ವರ್ಷ ಕೆಲಸ, ಆಮೇಲೆ ಎಂಬಿಎ

ಕೇಳುಗರಿಗೆ ನಮಸ್ಕಾರ.

ನಿಮ್ಮ ಕಡೆ ಕಾಫಿ ಹೂ ಅರಳಿಸುವ ಹೂಮಳೆ ಬಂತಾ? ಸುಂಟಿಕೊಪ್ಪದಲ್ಲಿ ಮೊನ್ನೆ ನಾಲ್ಕು ಹನಿ ಬಿದ್ದು ನಿಂತುಹೋಯಿತು. ಸ್ಪ್ರಿಂಕ್ಲರ್ ಇದ್ದವರು ಬಚಾವಾದರು. ಇರಲಿ, ಆಕಾಶವಾಣಿಯವರು ನನ್ನನ್ನು ಕರೆದಿರುವುದು ಮಳೆಯ ಬಗ್ಗೆ ಮಾತಾಡಲು ಅಲ್ಲ. ಬಿ.ಕಾಂ., ಬಿಬಿಎ ಮುಗಿಸುತ್ತಿರುವ ಮಕ್ಕಳು ಮುಂದೆ ಏನು ಓದಬೇಕು ಅಂತ ಹೇಳಬೇಕಂತೆ.

ನಾನು 31 ವರ್ಷ ಕಾಮರ್ಸ್ ಪಾಠ ಮಾಡಿದವಳು. ಪ್ರತಿ ವರ್ಷ ಈ ಹೊತ್ತಿಗೆ ಒಂದೇ ಪ್ರಶ್ನೆ ಬರುತ್ತಿತ್ತು. "ಮೇಡಂ, ಯಾವ ಎಂಬಿಎಗೆ ಸ್ಕೋಪ್ ಜಾಸ್ತಿ?" ಈ ಸ್ಕೋಪ್ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೋದ ವರ್ಷ ಫೈನಾನ್ಸ್ ಅಂದರು, ಈ ವರ್ಷ ಬಿಸಿನೆಸ್ ಅನಲಿಟಿಕ್ಸ್ ಅನ್ನುತ್ತಾರೆ. ಮುಂದಿನ ವರ್ಷ ಇನ್ನೇನೋ. ನನ್ನ ಉತ್ತರ ಮಾತ್ರ ಬದಲಾಗಿಲ್ಲ. ಮೊದಲು ಎರಡು ವರ್ಷ ಎಲ್ಲಾದರೂ ಸಂಬಳಕ್ಕೆ ದುಡಿಯಿರಿ. ಆಮೇಲೆ ಎಂಬಿಎ.

ಯಾಕೆ ಅಂತ ಹೇಳಲು ನಮ್ಮ ಪಕ್ಕದ ತೋಟದ ಹುಡುಗನ ಕಥೆಯೇ ಸಾಕು.

ಅವನು ಬುದ್ಧಿವಂತ. ಬಿ.ಕಾಂ. ಮುಗಿದ ತಿಂಗಳಲ್ಲೇ ಬೆಂಗಳೂರಿಗೆ ಹೋಗಿ, ಸಾಲ ಮಾಡಿ ಎಂಬಿಎ ಸೇರಿದ. ಮಾರ್ಕೆಟಿಂಗ್. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಒಳ್ಳೆಯ ಅಂಕವನ್ನೇ ತೆಗೆದ. ಕೆಲಸ ಸಿಗುವವರೆಗೆ ಅಂತ ಊರಿಗೆ ಬಂದ. ಆಗ ರೊಬಸ್ಟಾ ಕಾಫಿಯ ಕೊಯ್ಲು. ಅಪ್ಪನಿಗೆ ಕಾಲುನೋವು. "ಈ ಸಲ ಚೆರಿ ನಾನೇ ಮಾರ್ತೀನಿ" ಅಂದ. ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಅಪ್ಪನಿಗೂ ಖುಷಿ. ಅಷ್ಟು ಓದಿದ್ದಾನೆ, ಅಲ್ವಾ?

ಲ್ಯಾಪ್‌ಟಾಪ್ ತೆಗೆದು ಮೂರು ವ್ಯಾಪಾರಿಗಳ ರೇಟು ಬರೆದುಕೊಂಡ. ಬಣ್ಣ ಬಣ್ಣದ ಗ್ರಾಫ್ ಮಾಡಿದ. ನನಗೂ ತಂದು ತೋರಿಸಿದ, ಚೆನ್ನಾಗಿಯೇ ಇತ್ತು. ಅವನ ಅಜ್ಜಿ ಕಣದಲ್ಲಿ ಕೂತಿದ್ದರು. ಅವರು ಒಂದು ಮುಷ್ಟಿ ಚೆರಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇನ್ನೂ ಗಲಗಲ ಅನ್ನಲ್ಲ ಮಗಾ, ಎರಡು ಬಿಸಿಲು ಬೇಕು" ಅಂದರು. ಇವನು ಕೇಳಲಿಲ್ಲ. ರೇಟು ನಾಳೆ ಇಳಿಯುತ್ತದೆ ಅಂತ ಗ್ರಾಫ್ ಹೇಳುತ್ತಿತ್ತಂತೆ. ನಲವತ್ತು ಚೀಲ ತುಂಬಿಸಿ ಜೀಪಿಗೆ ಹಾಕಿಸಿಯೇ ಬಿಟ್ಟ.

ವ್ಯಾಪಾರಿ ಒಂದಿಷ್ಟು ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿದ. "25 ಓಟಿ" ಅಂದ. ಇವನು "ಸರಿ" ಅಂದ! ಓಟಿ ಅಂದರೆ ಏನು ಅಂತಲೇ ಅವನಿಗೆ ಗೊತ್ತಿರಲಿಲ್ಲ. ಕಾಫಿ ಬೆಳೆಯುವವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ. ಪೇಟೆಯಲ್ಲಿ ಕೇಳುತ್ತಿರುವವರಿಗೆ ಹೇಳುತ್ತೇನೆ. 50 ಕೆಜಿ ಚೆರಿ ಚೀಲದಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೋ ಅದು ಓಟಿ. ರೇಟು ಓಟಿಯ ಮೇಲೆ. ಲೆಕ್ಕಕ್ಕೆ ಒಂದು ಓಟಿಗೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. 28 ಓಟಿ ಬಂದರೆ ಚೀಲಕ್ಕೆ 5,600. 25 ಬಂದರೆ 5,000. ಚೀಲಕ್ಕೆ 600 ಹೋಯಿತು. ನಲವತ್ತು ಚೀಲಕ್ಕೆ 24,000! ಅವರ ತೋಟದ್ದು ಯಾವತ್ತೂ 28ಕ್ಕೆ ಕಡಿಮೆ ಬಂದದ್ದಿಲ್ಲ. ತೇವ ಇದೆ ಅಂತ ಮೂರು ಓಟಿ ಕಡಿದಿದ್ದರು.

ಅಜ್ಜಿ ಬೈಯಲಿಲ್ಲ. "ಪೂಲ್ ಕಾಲದಲ್ಲಾಗಿದ್ದರೆ ಬೋರ್ಡಿಗೆ ಕೊಟ್ಟು ಸುಮ್ನೆ ಕೂರಬಹುದಿತ್ತು" ಅಂದರಂತೆ. ನಿಜವೇ. ಆಗ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೆ ಒಪ್ಪಿಸಿದರೆ ಮಾರುವುದು ಬೋರ್ಡಿನ ಕೆಲಸ, ಅದೇ ಪೂಲ್. 1996ರಲ್ಲಿ ಆ ಪದ್ಧತಿ ಪೂರ್ತಿ ಹೋದಮೇಲೆ ಕೊಡಗಿನಲ್ಲಿ ಪ್ರತಿಯೊಬ್ಬ ಬೆಳೆಗಾರನೂ ವ್ಯಾಪಾರಿಯೇ. ಓದು ಬೇಡ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ನಮ್ಮ ಜಿಲ್ಲೆಗೆ ಬಿಸಿನೆಸ್ ಓದಿದವರು ಖಂಡಿತ ಬೇಕು.

ಆಮೇಲೆ ಆ ಹುಡುಗ ಕುಶಾಲನಗರದ ಹತ್ತಿರ, ಕಾಫಿ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್ ಸೇರಿದ. ಮೊದಲ ವರ್ಷ ಬರೀ ತೂಕ, ತೇವ, ಗ್ರೇಡ್, ಲಾರಿ. ಒಂದು ಭಾನುವಾರ ಮನೆಗೆ ಬಂದು ಕಾಫಿ ಕುಡಿಯುತ್ತಾ, "ಮೇಡಂ, ಎಂಬಿಎ ಕ್ಲಾಸಲ್ಲಿ ಸಪ್ಲೈ ಚೈನ್ ಅಂತ ಬರ್ಕೊಂಡಿದ್ದೆ. ಏನದು ಅಂತ ಈಗ ಗೊತ್ತಾಯ್ತು. ಈಗ ಓದಿದ್ದರೆ ಮೇಷ್ಟ್ರಿಗೆ ನೂರು ಪ್ರಶ್ನೆ ಕೇಳ್ತಿದ್ದೆ" ಅಂದ. ಸಾಲದ ಕಂತು ಇನ್ನೂ ಕಟ್ಟುತ್ತಿದ್ದ, ಪಾಪ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕಥೆ ಉದ್ದವಾಯಿತು ಅಂತ ಕಾಣುತ್ತದೆ. ಉಳಿದದ್ದನ್ನು ಬೇಗ ಹೇಳುತ್ತೇನೆ, ಪೆನ್ನು ತಗೊಳ್ಳಿ.

ಎಂಬಿಎಗೆ ಯಾವ ಡಿಗ್ರಿಯಾದರೂ ಆಗುತ್ತದೆ. ಬಿಎ ಮಾಡಿದವರು ಹಿಂಜರಿಯಬೇಡಿ. ನಮ್ಮ ರಾಜ್ಯದ ಸರ್ಕಾರಿ ಸೀಟಿಗೆ ಪಿಜಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ನಡೆಸುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಐಐಎಂಗಳಿಗೆ ಕ್ಯಾಟ್ ಪರೀಕ್ಷೆ. ಅಲ್ಲಿ ಬಹಳ ಕಡೆ ಆಯ್ಕೆ ಮಾಡುವಾಗ ಕೆಲಸದ ಅನುಭವಕ್ಕೂ ಅಂಕ ಇದೆ. ನೋಡಿ, ಅವರೂ ನನ್ನ ಮಾತನ್ನೇ ಹೇಳುತ್ತಿದ್ದಾರೆ!

ಪಿಜಿಡಿಎಂ ಅಂದರೆ ಮ್ಯಾನೇಜ್‌ಮೆಂಟ್‌ನ ಸ್ನಾತಕೋತ್ತರ ಡಿಪ್ಲೊಮಾ, ಡಿಗ್ರಿ ಅಲ್ಲ. ಕೆಟ್ಟದ್ದೇನಲ್ಲ. 2017ರ ಕಾಯ್ದೆ ಬರುವವರೆಗೆ ಐಐಎಂಗಳೂ ಕೊಡುತ್ತಿದ್ದದ್ದು ಡಿಪ್ಲೊಮಾವನ್ನೇ. ಆದರೆ ಖಾಸಗಿ ಸಂಸ್ಥೆಯಾದರೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಮಾನ್ಯತೆ ಇದೆಯಾ ನೋಡಿ. ಬ್ರೋಷರ್ ನೋಡಿ ನಂಬಬೇಡಿ.

ಪಾಠ ಮಾಡುವ ಆಸೆ ಇದ್ದವರಿಗೆ ಮಾತ್ರ ನನ್ನ ನಿಯಮ ಬೇಡ. ನೇರ ಎಂ.ಕಾಂ. ಸೇರಿ. ಮೈಸೂರು ವಿ.ವಿ.ಯ ಮಾನಸಗಂಗೋತ್ರಿಯೋ ಮಂಗಳೂರು ವಿ.ವಿ.ಯ ಕೊಣಾಜೆಯೋ, ಎರಡೂ ದೂರವಲ್ಲ. ಶೇಕಡಾ 55 ಅಂಕ ತೆಗೆಯಿರಿ, ಮೀಸಲಾತಿ ಇದ್ದವರಿಗೆ 50. ಎಂ.ಕಾಂ. ಮೇಲೆ ನೆಟ್, ಅಂದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ, ಪಾಸಾಗಲು ಅದು ಬೇಕೇ ಬೇಕು.

ತೋಟ, ಕಾಫಿ ಅಂತ ಮನಸ್ಸಿದ್ದವರಿಗೆ ಬೆಂಗಳೂರಿನಲ್ಲಿ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ. 1993ರಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಶುರು ಮಾಡಿದ್ದು. ಅಲ್ಲಿ ಅಗ್ರಿ ಬಿಸಿನೆಸ್ ಓದಬಹುದು. ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿದವರಿಗೆ ಕಾಫಿ ಬೋರ್ಡಿನ ಒಂದು ವರ್ಷದ ಕಾಫಿ ಕ್ವಾಲಿಟಿ ಡಿಪ್ಲೊಮಾ ಇದೆ. ಕಪ್ ರುಚಿ ನೋಡುವುದನ್ನು ಕಲಿಸುತ್ತಾರೆ. ಕೊಡಗಿನ ಮಕ್ಕಳು ಇದನ್ನು ಬಿಟ್ಟು ಬೇರೆಲ್ಲೋ ಹುಡುಕುವುದು ನನಗಂತೂ ಅರ್ಥವಾಗುವುದಿಲ್ಲ.

ಹೋಂಸ್ಟೇ ಇರುವ ಮನೆಯವರು ಟೂರಿಸಂ ಎಂಬಿಎ ನೋಡಿ. ಆ ಹುಡುಗನ ತಂಗಿ ಅಣ್ಣನನ್ನು ನೋಡಿ ಬುದ್ಧಿ ಕಲಿತಳು. ಎರಡು ವರ್ಷ ರೆಸಾರ್ಟಿನ ರಿಸೆಪ್ಷನ್‌ನಲ್ಲಿ ನಿಂತು, ಆಮೇಲೆ ಅದನ್ನೇ ಓದಲು ಹೋದಳು.

ಕೆಲಸ ಬಿಡಲು ಆಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಎಂ.ಕಾಂ., ಎಂಬಿಎ ಎರಡೂ ಸಿಗುತ್ತವೆ. ದುಡಿಯುತ್ತಾ ಓದುವುದಾದರೆ ನನಗೆ ಇನ್ನೂ ಖುಷಿ.

ಸಾಲದ ಬಗ್ಗೆ ಒಂದೇ ಮಾತು. ಓದುವಾಗ ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತ ಅರ್ಥವಲ್ಲ. ಅದು ಸೇರುತ್ತಲೇ ಇರುತ್ತದೆ. ಎರಡು ವರ್ಷ ದುಡಿದು ಸ್ವಲ್ಪ ಕೂಡಿಟ್ಟರೆ ಸಾಲವೂ ಕಡಿಮೆ. ಹಾಂ, ಮತ್ತೆ ಅಲ್ಲಿಗೇ ಬಂದೆ.

ಕೆಲಸ ಎಲ್ಲಿ ಸಿಗುತ್ತದೆ ಮೇಡಂ ಅನ್ನುತ್ತೀರಿ. ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಕೆಲಸ ಮಾಡಿ, ಸಹಕಾರ ಸಂಘದಲ್ಲಿ ಲೆಕ್ಕ ಬರೆಯಿರಿ, ಆಡಿಟರ್ ಆಫೀಸಿನಲ್ಲಿ ಕೂರಿ, ಗೋಣಿಕೊಪ್ಪದ ಮೆಣಸಿನ ಮಂಡಿಯಲ್ಲಿ ತೂಕ ನೋಡಿ. ಸಂಬಳ ಕಡಿಮೆಯೇ ಇರಲಿ. ಮನೆಯವರೂ ದಯವಿಟ್ಟು "ಡಿಗ್ರಿ ಮಾಡಿ ರೈಟರ್ ಕೆಲಸವಾ" ಅಂತ ಮೂಗು ಮುರಿಯಬೇಡಿ.

ಸಮಯ ಮುಗಿಯಿತಂತೆ. ನಾನು ಒಳಗೆ ಬರುವಾಗ ಮಡಿಕೇರಿಯಲ್ಲಿ ಮೋಡ ಕಟ್ಟುತ್ತಿತ್ತು. ಕಣದಲ್ಲಿ ಚೆರಿ ಹರಡಿದವರು ಈಗಲೇ ಎದ್ದು ಟಾರ್ಪಾಲ್ ಎಳೆಯಿರಿ. ನಮಸ್ಕಾರ.