ಪೈ ಬೆಲೆ: ಯಾವ ಅಂದಾಜು ಎಷ್ಟು ನಿಖರ?

ಕೇಳುಗರಿಗೆ ನಮಸ್ಕಾರ. ಪುಣೆಯ ಭೋಸರಿ, ಚಿಂಚವಾಡ ಕಡೆಯ ಫ್ಯಾಬ್ರಿಕೇಶನ್ ಶಾಪುಗಳಲ್ಲಿ ದುಡಿಯುವ ನಮ್ಮ ವಿಜಯಪುರ, ಕಲಬುರಗಿಯ ಜನರಿಗೆ ತಗಡು ಸುತ್ತಿ ಟ್ಯಾಂಕ್ ಮಾಡುವ ಕೆಲಸ ಹೊಸದಲ್ಲ. ಒಂದು ಮೀಟರ್ ವ್ಯಾಸದ ಸುತ್ತಿಗೆ, ತಗಡಿನ ದಪ್ಪವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 3141.59 ಮಿಲಿಮೀಟರ್ ಉದ್ದದ ಪಟ್ಟಿ ಬೇಕು. ಪೈ ಬೆಲೆಯನ್ನು 22/7 ಎಂದು ಹಿಡಿದರೆ ಪಟ್ಟಿ 1.26 ಮಿಲಿಮೀಟರ್ ಹೆಚ್ಚಾಗುತ್ತದೆ, 3.14 ಎಂದು ಹಿಡಿದರೆ 1.59 ಮಿಲಿಮೀಟರ್ ಕಡಿಮೆ ಬೀಳುತ್ತದೆ. ದಶಮಾಂಶದಲ್ಲಿದೆ ಎಂಬ ಒಂದೇ ಕಾರಣಕ್ಕೆ 3.14 ಹೆಚ್ಚು ಶುದ್ಧವೆಂದು ನಂಬಿದವರು ಬಹಳ ಮಂದಿ, ಆದರೆ ಲೆಕ್ಕ ಹೇಳುವುದು ಬೇರೆಯೇ. ಅಲ್ಲದೆ ಹೆಚ್ಚಾದ ಅಂಚನ್ನು ಉಜ್ಜಿ ತೆಗೆಯಬಹುದು, ಕಡಿಮೆ ಬಿದ್ದ ಸಂದನ್ನು ವೆಲ್ಡಿಂಗಿನಿಂದಲೇ ತುಂಬಬೇಕು.

ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಸ್ಥೂಲ ಲೆಕ್ಕಕ್ಕೆ 3ನ್ನೂ ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲವನ್ನೂ ಬಳಸಿದ್ದಾನೆ. ಆ ವರ್ಗಮೂಲ ನಮ್ಮ ಪಟ್ಟಿಯನ್ನು ಸುಮಾರು 20.7 ಮಿಲಿಮೀಟರ್ ಉದ್ದ ಮಾಡುತ್ತದೆ. ಅವನಿಗಿಂತ ಮೂರೂವರೆ ಶತಮಾನ ಮೊದಲೇ, ಕ್ರಿ.ಶ. 499ರಲ್ಲಿ, ಆರ್ಯಭಟನು 20000 ವ್ಯಾಸಕ್ಕೆ 62832 ಪರಿಧಿ ಎಂದು, ಅದೂ ಸಮೀಪದ ಬೆಲೆಯೆಂದು ಎಚ್ಚರದಿಂದ ಸೇರಿಸಿ, ಹೇಳಿದ್ದನು. ಅದು 3.1416, ಪಟ್ಟಿಯಲ್ಲಿ ಬರುವ ತಪ್ಪು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಅಂದರೆ ಸೂಕ್ಷ್ಮ ಅಳತೆಗೆ ಶಾಪಿನಲ್ಲಿ ಬಳಸುವ ವರ್ನಿಯರಿಗೂ ಸಿಗದಷ್ಟು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಚೀನಾದ ಜು ಚೋಂಗ್‌ಝಿ ಐದನೆಯ ಶತಮಾನದಲ್ಲಿ ಕೊಟ್ಟ ಭಿನ್ನರಾಶಿ. ಒಂದು, ಮೂರು, ಐದು ಅಂಕಿಗಳನ್ನು ಎರಡೆರಡು ಸಲ ಬರೆಯಿರಿ: 113355. ನಡುವೆ ಸೀಳಿ, ಕೊನೆಯ ಅರ್ಧವನ್ನು ಮೊದಲ ಅರ್ಧದಿಂದ ಭಾಗಿಸಿದರೆ 355/113, ಅಂದರೆ 3.1415929. ಆರು ದಶಮಾಂಶ ಸ್ಥಾನಗಳು ಸರಿ. ಸುಮಾರು 12742 ಕಿಲೋಮೀಟರ್ ವ್ಯಾಸದ ಭೂಮಿಯ ಸುತ್ತಳತೆಯಲ್ಲಿ 22/7 ಹದಿನಾರು ಕಿಲೋಮೀಟರ್ ತಪ್ಪಿದರೆ, ಇದು ತಪ್ಪುವುದು ಮೂರೂವರೆ ಮೀಟರಿಗಿಂತ ಕಡಿಮೆ. ಇದಕ್ಕಿಂತ ಹತ್ತಿರದ ಭಿನ್ನರಾಶಿ ಬೇಕೆಂದರೆ ಛೇದವನ್ನು 16604ರವರೆಗೆ ಏರಿಸಿ 52163/16604 ಹಿಡಿಯಬೇಕು. ಅಷ್ಟು ದೊಡ್ಡ ಅಂಕಿಗಳನ್ನು ಹೊತ್ತರೂ ತಪ್ಪು ಕಡಿಮೆಯಾಗುವುದು ಶೇಕಡಾ ಕಾಲು ಭಾಗವೂ ಅಲ್ಲ.